ಮಾಡೆಲ್ ಟಿ ಕಾರು ಗುಡ್ಡವನ್ನು ಹಿಮ್ಮುಖವಾಗಿ ಹತ್ತುತ್ತಿತ್ತೇ? ಹೆನ್ರಿ ಫೋರ್ಡ್ ಬದುಕು ಮತ್ತು 51 ಹಲ್ಲುಗಳ ಲೆಕ್ಕ

ಹಳೆಯ ಕಾರುಗಳ ಬಗ್ಗೆ ಫೋನಿನಿಂದ ಫೋನಿಗೆ ಹಾರುವ ಮಾತುಗಳಲ್ಲಿ ಎರಡನ್ನು ಇಲ್ಲಿ ಎತ್ತಿಕೊಳ್ಳೋಣ. ಒಂದು, ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರು ಕಡಿದಾದ ಗುಡ್ಡವನ್ನು ರಿವರ್ಸ್ ಗೇರಿನಲ್ಲಿ, ಬೆನ್ನು ಮುಂದೆ ಮಾಡಿಕೊಂಡು ಹತ್ತುತ್ತಿತ್ತು ಎನ್ನುವುದು. ಇನ್ನೊಂದು, ಹಳೆಯ ಕಾರಿನ ಹಿಂದಿನ ಆಕ್ಸಲ್‌ನಲ್ಲಿರುವ ಗೇರ್ ಬದಲಿಸಿಬಿಟ್ಟರೆ ಎಂಜಿನ್‌ಗೆ ಹೊಸ ಶಕ್ತಿ ಬರುತ್ತದೆ, ಮೈಲೇಜೂ ಏರುತ್ತದೆ ಎನ್ನುವುದು.

ಮೊದಲನೆಯದು ನಿಜ. ಎರಡನೆಯದು ನಿಜವಲ್ಲ. ಅದನ್ನು ನಂಬಿ ಸ್ಪ್ಯಾನರ್ ಹಿಡಿದರೆ ಕಾರು ನಿಲ್ಲಬೇಕಾದ ಕಡೆ ನಿಲ್ಲದೇ ಹೋಗಬಹುದು. ಎರಡಕ್ಕೂ ಉತ್ತರ ಇರುವುದು ಒಂದೇ ಜಾಗದಲ್ಲಿ, ಹಿಂದಿನ ಚಕ್ರಗಳ ನಡುವೆ ಎಣ್ಣೆಯಲ್ಲಿ ಮುಳುಗಿ ತಿರುಗುವ ಎರಡು ಗೇರುಗಳಲ್ಲಿ. ಅವುಗಳ ಕಥೆ ಹೇಳಲು ಫೋರ್ಡ್ ಬದುಕಿಗಿಂತ ಒಳ್ಳೆಯ ದಾರಿ ಇಲ್ಲ.

ಹೊಲದಿಂದ ಹೊರಟ ಹುಡುಗ

ಹೆನ್ರಿ ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಇಂದಿನ ಡಿಯರ್‌ಬಾರ್ನ್ ಊರಿನ ಬಳಿಯ ರೈತ ಕುಟುಂಬದಲ್ಲಿ. ಹೊಲದ ಕೆಲಸ ಅವನಿಗೆ ಹಿಡಿಸಲಿಲ್ಲ. ಗಡಿಯಾರ ಬಿಚ್ಚಿ ಜೋಡಿಸುವುದು ಹಿಡಿಸಿತು. 1876ರಲ್ಲಿ, ಅವನಿಗೆ 12 ವರ್ಷವಿದ್ದಾಗ ತಾಯಿ ಮೇರಿ ತೀರಿಕೊಂಡಳು. ಅದೇ ವರ್ಷ ರಸ್ತೆಯಲ್ಲಿ ತಾನೇ ತಾನಾಗಿ ಚಲಿಸಿ ಬರುತ್ತಿದ್ದ ಉಗಿ ಯಂತ್ರವೊಂದನ್ನು ಕಂಡ. ಕುದುರೆ ಇಲ್ಲದೆ ಚಕ್ರ ತಿರುಗುವುದನ್ನು ಅವನು ನೋಡಿದ್ದು ಅದೇ ಮೊದಲು. 1879ರಲ್ಲಿ ಮನೆ ಬಿಟ್ಟು ಡೆಟ್ರಾಯಿಟ್ ಸೇರಿ, ಯಂತ್ರದ ಅಂಗಡಿಯಲ್ಲಿ ಕೆಲಸ ಕಲಿಯತೊಡಗಿದ.

1891ರಲ್ಲಿ ಡೆಟ್ರಾಯಿಟ್‌ನ ಎಡಿಸನ್ ವಿದ್ಯುತ್ ಕಂಪನಿಗೆ ಸೇರಿದ. ಹಗಲು ಅಲ್ಲಿ ದುಡಿದು, ರಾತ್ರಿ ಮನೆಯ ಹಿಂದಿನ ಶೆಡ್‌ನಲ್ಲಿ ಪೆಟ್ರೋಲ್ ಗಾಡಿ ಕಟ್ಟುತ್ತಿದ್ದ. 1896ರ ಜೂನ್ 4ರ ಬೆಳಗಿನ ಜಾವ ಗಾಡಿ ಸಿದ್ಧವಾಯಿತು. ಆದರೆ ಶೆಡ್‌ನ ಬಾಗಿಲು ಗಾಡಿಗಿಂತ ಕಿರಿದು! ಕೊಡಲಿ ತಂದು ಇಟ್ಟಿಗೆ ಗೋಡೆ ಒಡೆದು ಅದನ್ನು ಹೊರಗೆ ತಂದ.

ಸೈಕಲ್ ಚಕ್ರಗಳ ಆ ನಾಲ್ಕು ಗಾಲಿ ಬಂಡಿಗೆ ಎರಡೇ ವೇಗ. ಒಂದರಲ್ಲಿ ಗಂಟೆಗೆ ಸುಮಾರು 16 ಕಿ.ಮೀ., ಇನ್ನೊಂದರಲ್ಲಿ ಸುಮಾರು 32. ರಿವರ್ಸ್ ಇರಲೇ ಇಲ್ಲ. ಎಂಜಿನ್‌ನಿಂದ ಬೆಲ್ಟ್, ಬೆಲ್ಟ್‌ನಿಂದ ಚೈನ್, ಚೈನ್‌ನಿಂದ ಹಿಂದಿನ ಚಕ್ರ. ಎರಡು ವೇಗ ಸಾಕು ಎಂಬ ಈ ಲೆಕ್ಕಾಚಾರವನ್ನು ಫೋರ್ಡ್ ಮುಂದಿನ 31 ವರ್ಷ ಬಿಟ್ಟುಕೊಡಲಿಲ್ಲ. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

(ಕಾರನ್ನು ಕಂಡುಹಿಡಿದವನೇ ಫೋರ್ಡ್ ಎಂಬ ಮಾತೂ ಆಗಾಗ ಬರುತ್ತದೆ. ಅದು ತಪ್ಪು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಕಾರಿಗೆ ಪೇಟೆಂಟ್ ಕೇಳಿದ್ದು 1886ರಲ್ಲಿ, ಫೋರ್ಡ್ ಗೋಡೆ ಒಡೆಯುವುದಕ್ಕೆ 10 ವರ್ಷ ಮೊದಲು.)

ಮೊದಲ ಕಂಪನಿ ಮುಳುಗಿತು. ಎರಡನೆಯದರಿಂದ ಫೋರ್ಡ್ ಹೊರನಡೆದ, ಅದೇ ಮುಂದೆ ಕ್ಯಾಡಿಲಾಕ್ ಆಯಿತು. ಹೆಸರು ತಂದುಕೊಟ್ಟದ್ದು ರೇಸು. 1901ರ ಅಕ್ಟೋಬರ್‌ನಲ್ಲಿ ಆ ಕಾಲದ ದೊಡ್ಡ ಕಾರು ತಯಾರಕ ಅಲೆಕ್ಸಾಂಡರ್ ವಿಂಟನ್‌ನನ್ನು ಸೋಲಿಸಿದ. 1904ರ ಜನವರಿಯಲ್ಲಿ ಹೆಪ್ಪುಗಟ್ಟಿದ ಸೇಂಟ್ ಕ್ಲೇರ್ ಸರೋವರದ ಮೇಲೆ ಗಂಟೆಗೆ 147 ಕಿ.ಮೀ. ವೇಗ ಮುಟ್ಟಿದ. ಈ ರೇಸ್ ಕಾರುಗಳಿಗೆ ಬೇಕಿದ್ದದ್ದು ವೇಗವೊಂದೇ. ರೈತನ ಕಾರಿಗೆ ಬೇಕಾದದ್ದು ಬೇರೆ.

40 ಮತ್ತು 11

ಫೋರ್ಡ್ ಮೋಟಾರ್ ಕಂಪನಿ ಶುರುವಾದದ್ದು 1903ರ ಜೂನ್ 16ರಂದು. ಮಾಡೆಲ್ ಟಿ ಬಂದದ್ದು 1908ರ ಅಕ್ಟೋಬರ್ 1ರಂದು. ಬೆಲೆ 850 ಡಾಲರ್. ಇದನ್ನು ಫೋರ್ಡ್ ಒಬ್ಬನೇ ಕೂತು ರೂಪಿಸಲಿಲ್ಲ. ಹಂಗೇರಿಯಿಂದ ಬಂದ ಜೋಸೆಫ್ ಗಲಾಂಬ್, ಲೋಹದ ವಿದ್ಯೆ ಬಲ್ಲ ಚೈಲ್ಡ್ ಹೆರಾಲ್ಡ್ ವಿಲ್ಸ್ ಮೊದಲಾದವರ ಕೈ ಅದರಲ್ಲಿದೆ.

2.9 ಲೀಟರ್ ಎಂಜಿನ್, ನಾಲ್ಕು ಸಿಲಿಂಡರ್, ನಿಮಿಷಕ್ಕೆ 1600 ಸುತ್ತಿನಲ್ಲಿ 20 ಅಶ್ವಶಕ್ತಿ. ಇಂದಿನ 150 ಸಿಸಿ ಬೈಕುಗಳಲ್ಲಿ ಕೆಲವು ಇದಕ್ಕೆ ಹತ್ತಿರ ಬರುತ್ತವೆ! ಗೇರ್‌ಬಾಕ್ಸ್‌ನಲ್ಲಿ ಮುಂದಕ್ಕೆ ಎರಡು, ಹಿಂದಕ್ಕೆ ಒಂದು. ಲೋ ಗೇರಿನಲ್ಲಿ ಎಂಜಿನ್ 2.75 ಸುತ್ತು ಸುತ್ತಿದರೆ ಹಿಂದಕ್ಕೆ ಹೋಗುವ ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಹೈ ಗೇರಿನಲ್ಲಿ ಎರಡೂ ಸಮ. ರಿವರ್ಸ್‌ನಲ್ಲಿ 4 ಸುತ್ತಿಗೆ ಒಂದು.

ಆ ಶಾಫ್ಟ್‌ನ ತುದಿಯಲ್ಲಿ 11 ಹಲ್ಲಿನ ಚಿಕ್ಕ ಪಿನಿಯನ್. ಅದು ತಿರುಗಿಸುವುದು 40 ಹಲ್ಲಿನ ದೊಡ್ಡ ಗೇರನ್ನು, ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ಕ್ರೌನ್. 40ನ್ನು 11ರಿಂದ ಭಾಗಿಸಿದರೆ 3.64. ಅಂದರೆ ಶಾಫ್ಟ್ 3.64 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಹಿಂದಿನ ಆಕ್ಸಲ್ ಅನುಪಾತ ಎಂದರೆ ಇಷ್ಟೇ. ಬೈಕಿನ ಹಿಂದಿನ ಸ್ಪ್ರಾಕೆಟ್ ಬದಲಿಸಿದವರಿಗೆ ಇದು ಹೊಸದೇನಲ್ಲ.

ಇಲ್ಲಿ ಅನೇಕರು ಎಡವುತ್ತಾರೆ: ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ವೇಗ ಕಡಿಮೆ. ಸಂಖ್ಯೆ ಚಿಕ್ಕದಾದಷ್ಟೂ ವೇಗ ಹೆಚ್ಚು, ಎಳೆತ ಕಡಿಮೆ. ಎಂಜಿನ್ ಕೊಡುವ ಶಕ್ತಿ ಮಾತ್ರ ಎರಡರಲ್ಲೂ ಅದೇ. 500 ರೂಪಾಯಿ ನೋಟನ್ನು ಕೊಟ್ಟು ನೂರರ ಐದು ನೋಟು ತಗೊಂಡರೂ, ಐವತ್ತರ ಹತ್ತು ನೋಟು ತಗೊಂಡರೂ ಜೇಬಿನಲ್ಲಿರುವುದು 500 ತಾನೇ? ಗೇರ್ ಮಾಡುವುದು ಚಿಲ್ಲರೆಯ ಕೆಲಸ.

ಈಗ ವೇಗದ ಲೆಕ್ಕ. ಮಾಡೆಲ್ ಟಿಯ ಚಕ್ರದ ಅಡ್ಡಳತೆ 30 ಇಂಚು, ಸುತ್ತಳತೆ ಸುಮಾರು 2.39 ಮೀಟರ್. ಎಂಜಿನ್ ನಿಮಿಷಕ್ಕೆ 1600 ಸುತ್ತುವಾಗ, ಹೈ ಗೇರಿನಲ್ಲಿ ಚಕ್ರ 440 ಸುತ್ತು ತಿರುಗುತ್ತದೆ. ಕಾರು ಗಂಟೆಗೆ ಸುಮಾರು 63 ಕಿ.ಮೀ. ಓಡುತ್ತದೆ. ಲೋ ಗೇರಿನಲ್ಲಿ ಅದೇ 1600 ಸುತ್ತಿಗೆ ಬರೀ 23 ಕಿ.ಮೀ. 63 ಮತ್ತು 23ರ ನಡುವೆ ಇನ್ನೊಂದು ಮೆಟ್ಟಿಲಿಲ್ಲ. ಚೂರು ಏರು ಬಂದು ಹೈ ಗೇರ್ ಎಳೆಯಲಾರದೆ ಹೋದರೆ, ನಡುವೆ ಎಲ್ಲೂ ನಿಲ್ಲದೆ ಕೆಳಗಿಳಿಯಬೇಕು. ಹಾಗಾಗಿ 3.64 ಎಂಬುದು ಏನೋ ಒಂದು ಅಂಕಿ ಅಲ್ಲ. 1908ರ ಅಮೆರಿಕದ ಹಳ್ಳಿಗಳ ರಸ್ತೆ ಬಹುಪಾಲು ಮಣ್ಣು, ಮಳೆಗಾಲದಲ್ಲಿ ಕೆಸರು. ಅಂಥ ರಸ್ತೆಯಲ್ಲಿ ನಾಲ್ಕೈದು ಜನ ಕೂತ ಕಾರು ಸಾಧ್ಯವಾದಷ್ಟು ಹೊತ್ತು ಹೈ ಗೇರಿನಲ್ಲೇ ಓಡಬೇಕು. ಆ ರಾಜಿಯ ಸಂಖ್ಯೆ ಇದು.

ಇನ್ನೊಂದು ಸೂಕ್ಷ್ಮ ಇದೆ. 40ಕ್ಕೂ 11ಕ್ಕೂ ಒಂದನ್ನು ಬಿಟ್ಟರೆ ಸಮಾನ ಭಾಜಕವಿಲ್ಲ. ಹಾಗಾಗಿ ಪಿನಿಯನ್‌ನ ಪ್ರತಿ ಹಲ್ಲೂ ಕ್ರೌನ್‌ನ ಎಲ್ಲ 40 ಹಲ್ಲುಗಳನ್ನೂ ಸರದಿಯಲ್ಲಿ ಮುಟ್ಟುತ್ತದೆ, ಸವೆತ ಎಲ್ಲೆಡೆ ಸಮನಾಗಿ ಹಂಚಿಹೋಗುತ್ತದೆ. 39ಕ್ಕೆ 13 ಹಲ್ಲು ಇಟ್ಟರೆ ಹಾಗಾಗುವುದಿಲ್ಲ, ಒಂದು ಹಲ್ಲಿಗೆ ಸಿಗುವುದು ಅದೇ ಮೂರು ಹಲ್ಲು, ಜೀವಮಾನವಿಡೀ. ಒಂದು ಹಲ್ಲಿಗೆ ಪೆಟ್ಟಾದರೆ ಆ ಮೂರರ ಪಾಡು ಅಷ್ಟೇ.

ಹಿಮ್ಮುಖವಾಗಿ ಹತ್ತುತ್ತಿತ್ತೇ?

ಹೌದು. ಇದಕ್ಕೆ ಎರಡು ಕಾರಣ, ಫಾರ್ವರ್ಡ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಬರುತ್ತದೆ.

ಮೊದಲನೆಯದು ಗೇರಿನ ಲೆಕ್ಕ. ಲೋ ಗೇರಿನ 2.75ನ್ನು ಆಕ್ಸಲ್‌ನ 3.64ರಿಂದ ಗುಣಿಸಿದರೆ 10. ರಿವರ್ಸ್‌ನ 4ನ್ನು ಗುಣಿಸಿದರೆ ಸುಮಾರು 14.5. ಅಂದರೆ ಆ ಕಾರಿನ ಅತಿ ಹೆಚ್ಚು ಎಳೆತದ ಗೇರ್ ರಿವರ್ಸ್ ಆಗಿತ್ತು, ಲೋ ಗೇರಿಗಿಂತ ಹತ್ತಿರ ಹತ್ತಿರ ಶೇ. 45ರಷ್ಟು ಹೆಚ್ಚು.

ಎರಡನೆಯದು ಪೆಟ್ರೋಲ್. ಮಾಡೆಲ್ ಟಿಯಲ್ಲಿ ಪೆಟ್ರೋಲ್ ಪಂಪ್ ಇರಲಿಲ್ಲ. ಹೆಚ್ಚಿನ ಕಾರುಗಳಲ್ಲಿ ಟ್ಯಾಂಕು ಮುಂದಿನ ಸೀಟಿನ ಕೆಳಗೆ, ಕಾರ್ಬುರೇಟರ್ ಅದಕ್ಕಿಂತ ತಗ್ಗಿನಲ್ಲಿ ಎಂಜಿನ್ ಪಕ್ಕ. ಪೆಟ್ರೋಲ್ ನೀರಿನಂತೆ ತಾನಾಗಿ ಹರಿದು ಬರಬೇಕು. ಟ್ಯಾಂಕಿನಲ್ಲಿ ಕಡಿಮೆ ಇದ್ದು ಗುಡ್ಡ ಕಡಿದಾಗಿದ್ದರೆ, ಕಾರಿನ ಮೂತಿ ಮೇಲೆದ್ದು ಕಾರ್ಬುರೇಟರ್ ಟ್ಯಾಂಕಿಗಿಂತ ಎತ್ತರಕ್ಕೆ ಹೋಗುತ್ತಿತ್ತು. ಎಂಜಿನ್ ಬಾಯಾರಿ ನಿಂತುಬಿಡುತ್ತಿತ್ತು. ಕಾರು ತಿರುಗಿಸಿ ಹಿಮ್ಮುಖವಾಗಿ ಹತ್ತಿದರೆ ಟ್ಯಾಂಕು ಮೇಲೆ, ಕಾರ್ಬುರೇಟರ್ ಕೆಳಗೆ. ಎಳೆತವೂ ಸಿಕ್ಕಿತು, ಪೆಟ್ರೋಲೂ ಸಿಕ್ಕಿತು. ಹಾಗಂತ ಎಲ್ಲರೂ ಎಲ್ಲ ಗುಡ್ಡವನ್ನೂ ಹೀಗೇ ಹತ್ತುತ್ತಿದ್ದರು ಎಂದಲ್ಲ. ಮಾಮೂಲಿ ಏರಿಗೆ ಲೋ ಗೇರ್ ಸಾಕಾಗುತ್ತಿತ್ತು.

ಒಂದೇ ಸಂಖ್ಯೆ, ಒಂದೂವರೆ ಕೋಟಿ ಕಾರು

1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಕಾರು ಕೆಲಸಗಾರನ ಬಳಿಗೇ ಚಲಿಸಿ ಬರುವ ಅಸೆಂಬ್ಲಿ ಲೈನ್ ಶುರುವಾಯಿತು. ಹನ್ನೆರಡೂವರೆ ತಾಸು ಹಿಡಿಯುತ್ತಿದ್ದ ಚಾಸಿ ಜೋಡಣೆ 93 ನಿಮಿಷಕ್ಕೆ ಇಳಿಯಿತು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿದ. ಅದರಲ್ಲಿ ಒಂದು ಭಾಗ ಲಾಭದ ಪಾಲು, ಅದನ್ನು ಪಡೆಯಲು ಕಂಪನಿಯವರು ಕೆಲಸಗಾರನ ಮನೆಗೆ ಹೋಗಿ ಅವನ ನಡತೆ ವಿಚಾರಿಸುತ್ತಿದ್ದರು. ಹಂಚಿಕೆಯಾಗುವ ಸ್ಫೂರ್ತಿ ಕಥೆಗಳಲ್ಲಿ ಈ ಭಾಗ ಮಾತ್ರ ಯಾವಾಗಲೂ ಕಾಣೆ. 1925ರ ಹೊತ್ತಿಗೆ ಅತಿ ಅಗ್ಗದ ಮಾಡೆಲ್ ಟಿ ಬೆಲೆ 260 ಡಾಲರ್‌ಗೆ ಬಂತು.

ಬೆಲೆ ಇಳಿಯಲು ಕಾರಣ ಬದಲಾವಣೆ ಮಾಡದಿರುವುದು. ಬೆಟ್ಟದ ಊರಿನವನಿಗೂ ಬಯಲು ಸೀಮೆಯವನಿಗೂ ಅದೇ 40, ಅದೇ 11. ಹಾಗಾಗಿ ಹೊರಗಿನವರಿಗೆ ವ್ಯಾಪಾರ ಹುಟ್ಟಿತು. ವೇಗ ಬೇಕಾದವರಿಗೆ 39ಕ್ಕೆ 13, ಅಂದರೆ 3ರ ಅನುಪಾತ. ಗುಡ್ಡದವರಿಗೆ 40ಕ್ಕೆ 10, ಅಂದರೆ 4. ಕ್ಯಾಲಿಫೋರ್ನಿಯಾದ ಗ್ಲೋವರ್ ರಕ್‌ಸ್ಟೆಲ್ ಹಿಂದಿನ ಆಕ್ಸಲ್‌ನೊಳಗೇ ಇನ್ನೊಂದು ಗೇರ್ ಕೂರಿಸಿದ. ಲಿವರ್ ಎಳೆದರೆ ಎಳೆತ ಸುಮಾರು ಒಂದೂವರೆ ಪಟ್ಟಾಗುತ್ತಿತ್ತು. 63ಕ್ಕೂ 23ಕ್ಕೂ ನಡುವೆ ಇಲ್ಲದಿದ್ದ ಮೆಟ್ಟಿಲು ಕೊನೆಗೂ ಸಿಕ್ಕಿತು. ಇದನ್ನು ಫೋರ್ಡ್ ಡೀಲರ್‌ಗಳೇ ಮಾರುತ್ತಿದ್ದರು.

ಫೋರ್ಡ್‌ಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. 1917ರಲ್ಲಿ ಬಂದ ಒಂದು ಟನ್ ಟ್ರಕ್ಕಿನಲ್ಲಿ ಎಂಜಿನ್ ಮಾಡೆಲ್ ಟಿಯದ್ದೇ, ಬದಲಾದದ್ದು ಮುಖ್ಯವಾಗಿ ಚಾಸಿ ಮತ್ತು ಆಕ್ಸಲ್. ಅಲ್ಲಿ ಅನುಪಾತ 7.25. ಹೊರೆ ಹೊರಬೇಕು, ಓಡಬೇಕಿಲ್ಲ. ಅದೇ ವರ್ಷದ ಫೋರ್ಡ್‌ಸನ್ ಟ್ರ್ಯಾಕ್ಟರ್ ಎಳೆತದ ಇನ್ನೊಂದು ಮುಖ ತೋರಿಸಿತು. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿ ಹಿಂದಿನ ಚಕ್ರ ತಿರುಗದೆ ನಿಂತರೆ, ಟ್ರ್ಯಾಕ್ಟರೇ ಆಕ್ಸಲ್‌ನ ಸುತ್ತ ಮೇಲೆದ್ದು ಚಾಲಕನ ಮೇಲೆ ಮಗುಚುತ್ತಿತ್ತು. ಪ್ರಾಣ ಹೋದವು. ಎಳೆತ ಹೆಚ್ಚಿದ್ದರೆ ಒಳ್ಳೆಯದೇ ಎನ್ನುವವರು ಇದನ್ನು ಓದಬೇಕು.

ಹಠ, ಮತ್ತು ಇಳಿಗಾಲ

1920ರ ದಶಕದಲ್ಲಿ ಅಮೆರಿಕದ ರಸ್ತೆಗಳು ಸುಧಾರಿಸಿದವು. ಶೆವ್ರೊಲೆ ಮೂರು ಗೇರಿನ ಕಾರು ಮಾರುತ್ತಿತ್ತು. ಮಗ ಎಡ್ಸೆಲ್ ಹೊಸ ಕಾರು ಬೇಕೆಂದ, ಅಪ್ಪ ಒಪ್ಪಲಿಲ್ಲ. ಎರಡು ಗೇರು ಸಾಕು ಎಂಬ 1896ರ ಲೆಕ್ಕ ಇನ್ನೂ ನಡೆದಿತ್ತು. ಕೊನೆಗೆ 1927ರ ಮೇ ತಿಂಗಳಲ್ಲಿ, ಒಂದೂವರೆ ಕೋಟಿ ಕಾರುಗಳ ನಂತರ, ಮಾಡೆಲ್ ಟಿ ನಿಂತಿತು. ಡಿಸೆಂಬರ್‌ನಲ್ಲಿ ಬಂದ ಮಾಡೆಲ್ ಎ ಕಾರಿನಲ್ಲಿ ಮೂರು ಗೇರು, ನಾಲ್ಕೂ ಚಕ್ರಕ್ಕೆ ಬ್ರೇಕು. ಅದರ ಬಹುಪಾಲು ಕಾರುಗಳ ಆಕ್ಸಲ್ ಅನುಪಾತ 3.78. ಅಂದರೆ ಹಳೆಯದಕ್ಕಿಂತ ಸಂಖ್ಯೆ ದೊಡ್ಡದು. ಆದರೂ ಕಾರು ಹೆಚ್ಚು ವೇಗದ್ದು, ಏಕೆಂದರೆ ಎಂಜಿನ್ ಶಕ್ತಿ 40 ಅಶ್ವಶಕ್ತಿಗೆ ಏರಿತ್ತು. ಶಕ್ತಿ ಬೇಕಾದರೆ ಎಂಜಿನ್ ಬದಲಾಗಬೇಕು ಎನ್ನುವುದಕ್ಕೆ ಫೋರ್ಡ್ ಕಾರ್ಖಾನೆಯದೇ ಸಾಕ್ಷಿ.

ಫೋರ್ಡ್‌ನನ್ನು ಬರೀ ಮೆಚ್ಚಿ ಬರೆಯಲು ಆಗುವುದಿಲ್ಲ. 1920ರಿಂದ ಅವನ ಒಡೆತನದ ಡಿಯರ್‌ಬಾರ್ನ್ ಇಂಡಿಪೆಂಡೆಂಟ್ ಪತ್ರಿಕೆ ಯೆಹೂದಿಗಳ ವಿರುದ್ಧ ಸುಳ್ಳುಗಳ ಸರಣಿಯನ್ನೇ ಹಂಚಿತು. ಡೀಲರ್‌ಗಳ ಅಂಗಡಿಗಳ ಮೂಲಕ ಊರೂರಿಗೆ ತಲುಪಿದ ಆ ಸರಣಿ ಆ ಕಾಲದ ದೊಡ್ಡ ಫಾರ್ವರ್ಡ್ ಎನ್ನಬಹುದು. 1927ರಲ್ಲಿ ಕ್ಷಮೆ ಕೇಳಿದ. 1938ರಲ್ಲಿ ನಾಜಿ ಸರಕಾರದ ಪದಕವನ್ನೂ ಸ್ವೀಕರಿಸಿದ. ಕಾರ್ಮಿಕ ಸಂಘಕ್ಕೆ 1941ರವರೆಗೆ ಮಣಿಯಲಿಲ್ಲ, 1937ರಲ್ಲಿ ಕಂಪನಿಯ ಕಾವಲುಪಡೆ ಸಂಘದವರನ್ನು ಹಾಡಹಗಲೇ ಹೊಡೆದಿತ್ತು. ಇನ್ನು, ಜನರನ್ನು ಕೇಳಿದ್ದರೆ ಇನ್ನೂ ವೇಗದ ಕುದುರೆ ಬೇಕೆನ್ನುತ್ತಿದ್ದರು ಎಂಬ ಅರ್ಥದ ಮಾತು ಅವನ ಹೆಸರಿನಲ್ಲಿ ಓಡಾಡುತ್ತದಲ್ಲ, ಅದನ್ನು ಅವನು ಹೇಳಿದ್ದಕ್ಕೆ ಪುರಾವೆ ಸಿಕ್ಕಿಲ್ಲ.

ಎಡ್ಸೆಲ್ 1943ರಲ್ಲಿ, ಅಪ್ಪನಿಗಿಂತ ಮೊದಲೇ ತೀರಿಕೊಂಡ. ಹೆನ್ರಿ ಫೋರ್ಡ್ 1947ರ ಏಪ್ರಿಲ್ 7ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡ. ನದಿಗೆ ನೆರೆ ಬಂದು ಮನೆಯ ಕರೆಂಟ್ ಹೋಗಿತ್ತು. ವಿದ್ಯುತ್ ಕಂಪನಿಯಲ್ಲಿ ದುಡಿದು ಮೇಲೆ ಬಂದವನ ಕೊನೆಯ ರಾತ್ರಿ ದೀಪ, ಮೇಣದಬತ್ತಿಯ ಬೆಳಕಿನಲ್ಲಿ ಕಳೆಯಿತು.

ಇಂದು ಆ ಗೇರ್ ಬದಲಿಸುವವರಿಗೆ

ಮಾಡೆಲ್ ಟಿ ಓಡಿಸುವವರು ಈಗಲೂ ಹಲವು ದೇಶಗಳಲ್ಲಿದ್ದಾರೆ, 3ರ ಅನುಪಾತದ ಗೇರುಗಳು ಈಗಲೂ ಸಿಗುತ್ತವೆ. ಆಕರ್ಷಣೆ ಅರ್ಥವಾಗುವಂಥದ್ದೇ. 1600 ಸುತ್ತಿಗೆ 63 ಕಿ.ಮೀ. ಇದ್ದದ್ದು ಸುಮಾರು 77 ಆಗುತ್ತದೆ. ಅಥವಾ ಮೊದಲಿನ ವೇಗದಲ್ಲೇ ಹೋದರೆ ಎಂಜಿನ್ ನಿಧಾನಕ್ಕೆ, ಸದ್ದಿಲ್ಲದೆ ತಿರುಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ, ಮೊದಲಿನ ವೇಗದಲ್ಲೇ ಹೋಗುವುದಾದರೆ, ಪೆಟ್ರೋಲ್ ತುಸು ಉಳಿಯಲೂಬಹುದು. 77ರಲ್ಲಿ ಹೋಗುವವರಿಗೆ ಉಳಿಯುವುದಿಲ್ಲ, ಏಕೆಂದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ.

ಬದಲಿಗೆ ಕೊಡಬೇಕಾದದ್ದು ಏನು? ಎಲ್ಲ ಗೇರಿನಲ್ಲೂ ಎಳೆತ ಶೇ. 17ಕ್ಕಿಂತ ಹೆಚ್ಚು ಕಡಿಮೆ. ಮೊದಲು ಹೈ ಗೇರಿನಲ್ಲಿ ಹತ್ತುತ್ತಿದ್ದ ಏರಿನಲ್ಲಿ ಈಗ ಲೋ ಗೇರಿಗೆ ಬೀಳಬೇಕು, ಗಂಟೆಗೆ 28 ಕಿ.ಮೀ.ಗಿಂತ ಹೆಚ್ಚು ಹೋಗಲಾಗದು. ಗುಡ್ಡಗಾಡಿನಲ್ಲಿ ಕಾರು ಒಟ್ಟಾರೆ ಮೊದಲಿಗಿಂತ ನಿಧಾನವಾದರೆ ಆಶ್ಚರ್ಯಪಡಬೇಡಿ. ರಕ್‌ಸ್ಟೆಲ್ ಆಕ್ಸಲ್ ಜೊತೆಗಿದ್ದರೆ 3ರ ಅನುಪಾತ ಒಪ್ಪುತ್ತದೆ. ಬಯಲಲ್ಲಿ 3, ಏರಿನಲ್ಲಿ ಸುಮಾರು 4.5. ಬರೀ ಗುಡ್ಡಗಾಡಿನಲ್ಲಿ ಓಡಿಸುವವರಿಗೆ 4 ಸರಿ, ಆಗ ವೇಗ 57ರ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಮಟ್ಟಿಗೆ, ಸವೆದ ಎಂಜಿನ್ ಮತ್ತು ಏರಿಳಿತದ ರಸ್ತೆ ಇದ್ದರೆ ಫೋರ್ಡ್‌ನ 3.64ನ್ನು ಮುಟ್ಟದಿರುವುದೇ ಜಾಣತನ.

ಆದರೆ ದೊಡ್ಡ ವಿಷಯ ಬ್ರೇಕು. ಮಾಡೆಲ್ ಟಿಯ ಕಾಲಿನ ಬ್ರೇಕ್ ಚಕ್ರದಲ್ಲಿಲ್ಲ, ಗೇರ್‌ಬಾಕ್ಸ್‌ನಲ್ಲಿದೆ. ಅದು ಶಾಫ್ಟನ್ನು ಹಿಡಿಯುತ್ತದೆ, ಆ ಹಿಡಿತ ಕ್ರೌನ್-ಪಿನಿಯನ್ ಮೂಲಕ ಚಕ್ರಕ್ಕೆ ತಲುಪುತ್ತದೆ. ಎಳೆತವನ್ನು 3.64 ಪಟ್ಟು ಮಾಡುವ ಗೇರು ಬ್ರೇಕಿನ ಹಿಡಿತವನ್ನೂ 3.64 ಪಟ್ಟು ಮಾಡುತ್ತದೆ. 3ಕ್ಕೆ ಇಳಿಸಿದರೆ ಬ್ರೇಕೂ ಅದೇ ಶೇ. 17ರಷ್ಟು ಸೊರಗುತ್ತದೆ. ಇತ್ತ ವೇಗ 63ರಿಂದ 77ಕ್ಕೆ ಏರಿದಾಗ ಕಾರಿನ ಚಲನಶಕ್ತಿ ಸುಮಾರು ಒಂದೂವರೆ ಪಟ್ಟಾಗಿರುತ್ತದೆ. ನಿಲ್ಲಿಸಬೇಕಾದದ್ದು ಹೆಚ್ಚಾಯಿತು, ನಿಲ್ಲಿಸುವ ಶಕ್ತಿ ಕಡಿಮೆಯಾಯಿತು.

ರಕ್‌ಸ್ಟೆಲ್‌ಗೂ ಇಂಥದ್ದೇ ತೊಡಕು. ಇಳಿಜಾರಿನಲ್ಲಿ ಗೇರ್ ಬದಲಿಸುವಾಗ ಲಿವರ್ ನಡುವೆ ಸಿಕ್ಕಿ ನ್ಯೂಟ್ರಲ್‌ನಲ್ಲಿ ನಿಂತರೆ ಚಕ್ರಕ್ಕೂ ಶಾಫ್ಟಿಗೂ ಸಂಬಂಧ ಕಡಿದುಹೋಗುತ್ತದೆ. ಕಾಲಿನ ಬ್ರೇಕ್ ಎಷ್ಟು ತುಳಿದರೂ ವ್ಯರ್ಥ. ಉಳಿಯುವುದು ಹಿಂದಿನ ಚಕ್ರದ ಚಿಕ್ಕ ಹ್ಯಾಂಡ್‌ಬ್ರೇಕ್ ಮಾತ್ರ. ಹಾಗಾಗಿ ಅನುಭವಸ್ಥರು ಮೊದಲು ಚಕ್ರಕ್ಕೆ ನೇರವಾಗಿ ಹಿಡಿಯುವ ಹೆಚ್ಚುವರಿ ಬ್ರೇಕ್ ಹಾಕಿಸಿ, ಆಮೇಲೆ ಗೇರಿಗೆ ಕೈ ಹಾಕುತ್ತಾರೆ.

ಬೇರೆ ಹಳೆಯ ಕಾರು ಇರುವವರು ತಮ್ಮ ಅನುಪಾತ ತಿಳಿಯಲು ಆಕ್ಸಲ್ ಬಿಚ್ಚಬೇಕಿಲ್ಲ. ಸಮತಟ್ಟಾದ ನೆಲದಲ್ಲಿ ಎಂಜಿನ್ ಆಫ್ ಮಾಡಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಗೇರನ್ನು ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಬಿಡಿ. ಚಕ್ರಕ್ಕೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ. ಎತ್ತಿದ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಎಂದು ಇನ್ನೊಬ್ಬರು ಎಣಿಸಲಿ. ಎರಡೇ ಸುತ್ತು ಏಕೆಂದರೆ, ಒಂದು ಚಕ್ರ ನೆಲ ಹಿಡಿದು ನಿಂತಾಗ ಡಿಫರೆನ್ಷಿಯಲ್ ಇನ್ನೊಂದನ್ನು ಇಮ್ಮಡಿ ತಿರುಗಿಸುತ್ತದೆ. ನಾಲ್ಕು ಸುತ್ತಿಗೆ ತುಸು ಹೆಚ್ಚು ಬಂದರೆ 4.1ರ ಆಸುಪಾಸು ಎಂದು ತಿಳಿಯಿರಿ. ಮಾಡೆಲ್ ಟಿಯ ಶಾಫ್ಟ್ ಕೊಳವೆಯೊಳಗೆ ಮುಚ್ಚಿಕೊಂಡಿರುವುದರಿಂದ ಅಲ್ಲಿ ಇದು ನಡೆಯದು.

ಮಾಡೆಲ್ ಟಿ ಆಕ್ಸಲ್ ಬಿಚ್ಚಿದ್ದೇ ಆದರೆ ಇನ್ನೊಂದನ್ನು ನೋಡಿ. ಕ್ರೌನ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ವಾಷರುಗಳನ್ನು ಆಗ ಬ್ಯಾಬಿಟ್ ಎಂಬ ಮೆತ್ತನೆಯ ಲೋಹದಿಂದ ಮಾಡುತ್ತಿದ್ದರು. ನೂರು ವರ್ಷದ ಆ ಲೋಹ ಪುಡಿಯಾಗಿ ಉದುರಿದರೆ ಕ್ರೌನ್ ಪಿನಿಯನ್‌ನಿಂದ ದೂರ ಸರಿಯುತ್ತದೆ, ಹಲ್ಲು ಹಲ್ಲಿಗೆ ಸಿಗುವುದಿಲ್ಲ, ಎಳೆತದ ಜೊತೆಗೆ ಕಾಲಿನ ಬ್ರೇಕೂ ಹೋಗುತ್ತದೆ. ಯಾವ ಅನುಪಾತ ಆರಿಸಿಕೊಂಡರೂ ಆ ವಾಷರುಗಳನ್ನು ಕಂಚಿನವಕ್ಕೆ ಬದಲಿಸಿಯೇ ಆಕ್ಸಲ್ ಮುಚ್ಚಬೇಕು.